ಪೂಲ್ ಗ್ಲೌಸ್ ಹಾಕಿದ ಮೇಲೆ ಹೊಡೆತ ಕೆಡುತ್ತಿದೆಯೇ? ದೋಷ ಎಲ್ಲಿದೆ ಎಂದು ಪತ್ತೆ ಮಾಡುವ ಬಗೆ

ಕೋಲಿನಿಂದ ಚೆಂಡು ಹೊಡೆದು ಆಡುವ ಪೂಲ್ ಆಟದ ಗ್ಲೌಸ್‌ಗೆ ಇರುವ ಕೆಲಸ ಒಂದೇ. ಬ್ರಿಡ್ಜ್ ಹಾಕಿದ, ಅಂದರೆ ಕ್ಯೂ ಕೋಲಿಗೆ ಆಧಾರವಾಗಿ ಟೇಬಲ್ ಮೇಲೆ ಊರಿದ ಕೈಯ ಚರ್ಮಕ್ಕೂ ಕ್ಯೂವಿನ ಮುಂಭಾಗವಾದ ಶಾಫ್ಟಿಗೂ ನಡುವಿನ ಉಜ್ಜಾಟವನ್ನು ಅದು ತಗ್ಗಿಸುತ್ತದೆ. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು, ಸಾಮಾನ್ಯವಾಗಿ ಈ ಮೂರನ್ನು ಮಾತ್ರ ಮುಚ್ಚುವ ಲೈಕ್ರಾ ಬಟ್ಟೆ ಅದು. ಉಂಗುರದ ಬೆರಳು, ಕಿರುಬೆರಳು ಬರಿದಾಗಿರುತ್ತವೆ. ಮಂಗಳೂರು, ಉಡುಪಿ, ಕಾರವಾರದ ಕಡೆ ಎ.ಸಿ. ಇಲ್ಲದ ಪಾರ್ಲರಿನಲ್ಲಿ ಬೇಸಿಗೆಯಲ್ಲಿ ಆಡುವವರಿಗೆ ಇದರ ಉಪಯೋಗ ಬಿಡಿಸಿ ಹೇಳಬೇಕಿಲ್ಲ. ನಿಯಮದ ಅಡ್ಡಿಯೂ ಇಲ್ಲ: ವಿಶ್ವ ಪೂಲ್ ಸಂಸ್ಥೆಯಾದ ಡಬ್ಲ್ಯೂಪಿಎಯ ನಿಯಮಾವಳಿಯಲ್ಲಿ ಗ್ಲೌಸ್ ಬಳಕೆಗೆ ಸ್ಪಷ್ಟ ಅನುಮತಿಯಿದೆ.

ತೊಂದರೆ ಇರುವುದು ಬೇರೆ ಕಡೆ. ಗ್ಲೌಸ್ ತೊಟ್ಟ ಮೇಲೆ ಕೆಲವು ಹೊಸ ದೋಷಗಳು ಹುಟ್ಟುತ್ತವೆ, ಹಳೆಯ ಕೆಲವು ದೋಷಗಳು ಬಟ್ಟೆಯ ಅಡಿಯಲ್ಲಿ ಮುಚ್ಚಿಹೋಗುತ್ತವೆ. ಎರಡನೆಯದೇ ಹೆಚ್ಚು ಅಪಾಯ. ಶಾಫ್ಟ್ ಕೊಳೆಯಾಗಿದ್ದರೂ, ಅದರಲ್ಲಿ ತಗ್ಗು ಬಿದ್ದಿದ್ದರೂ, ಬೆರಳಿನ ಹಿಡಿತ ವಿಪರೀತ ಬಿಗಿಯಾಗಿದ್ದರೂ ಗ್ಲೌಸ್ ಅದನ್ನೆಲ್ಲ ನುಂಗಿಕೊಂಡು 'ಎಲ್ಲ ಸರಿಯಿದೆ' ಅನ್ನಿಸುತ್ತದೆ. ಆಮೇಲೆ ಚೆಂಡು ತಪ್ಪಿದಾಗ ಆಟಗಾರ ತನ್ನ ಗುರಿಯನ್ನೇ ಶಂಕಿಸಿ, ಚೆನ್ನಾಗಿದ್ದ ಸ್ಟ್ರೋಕನ್ನು ತಿದ್ದಲು ಹೋಗಿ ಕೆಡಿಸಿಕೊಳ್ಳುತ್ತಾನೆ. ಹಾಗಾಗಿ ಏನನ್ನೂ ಬದಲಿಸುವ ಮೊದಲು ಕೆಳಗಿನ ಮೂರು ಪರೀಕ್ಷೆ ಮಾಡಿ. ಒಟ್ಟು ಕಾಲು ಗಂಟೆ ಸಾಕು.

ಜಾರಿಸಿ ನೋಡುವ ಪರೀಕ್ಷೆ

ಟೇಬಲ್ ಮೇಲೆ ಚೆಂಡು ಬೇಡ. ಎಂದಿನಂತೆ ಬ್ರಿಡ್ಜ್ ಹಾಕಿ ಕ್ಯೂವನ್ನು ತೀರಾ ನಿಧಾನವಾಗಿ, ಟಿಪ್ಪಿನ (ಚೆಂಡಿಗೆ ತಾಗುವ ತುದಿಯ) ಹತ್ತಿರದಿಂದ ಒಂದು ಗೇಣು ದೂರದವರೆಗೆ ಹಿಂದಕ್ಕೂ ಮುಂದಕ್ಕೂ ಎಳೆಯಿರಿ. ಕಣ್ಣು ಮುಚ್ಚಿಕೊಂಡರೆ ಇನ್ನೂ ಒಳ್ಳೆಯದು. ಎಳೆತದಲ್ಲಿ ತಡೆ ಎಲ್ಲಿ ಬರುತ್ತದೆ ಎಂಬುದೇ ಇಲ್ಲಿ ಮುಖ್ಯ.

ತಡೆ ಪ್ರತಿಸಲವೂ ಶಾಫ್ಟಿನ ಅದೇ ಜಾಗದಲ್ಲಿ ಬಂದರೆ ದೋಷ ಶಾಫ್ಟಿನದು. ಕ್ಯೂವನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಎಳೆಯಿರಿ. ಆಗ ತಡೆ ಮಾಯವಾದರೆ ಶಾಫ್ಟಿನ ಒಂದೇ ಮಗ್ಗುಲಲ್ಲಿ ತಗ್ಗೋ ಅಂಟೋ ಇದೆ ಎಂದರ್ಥ. ತಿರುಗಿಸಿದರೂ ಅಲ್ಲೇ ಇದ್ದರೆ ಸುತ್ತಲೂ ಜಿಡ್ಡು ಕಟ್ಟಿದೆ.

ಹೊರಡುವಾಗ ಮಾತ್ರ ಒಮ್ಮೆ ಹಿಡಿದಂತಾಗಿ ಆಮೇಲೆ ಸಲೀಸಾಗಿ ಹೋದರೆ ಶಾಫ್ಟನ್ನು ಉಂಗುರದಂತೆ ಸುತ್ತಿದ ತೋರುಬೆರಳು ಬಿಗಿಯಾಗಿದೆ, ಇಲ್ಲವೇ ಗ್ಲೌಸ್ ಒದ್ದೆಯಾಗಿದೆ.

ಹಿಂದಕ್ಕೆ ಎಳೆದಷ್ಟೂ ಸಡಿಲ, ಮುಂದಕ್ಕೆ ತಳ್ಳಿದಷ್ಟೂ ಬಿಗಿ ಆಗುತ್ತಾ ಹೋದರೆ ಅದು ಶಾಫ್ಟಿನ ಇಳಿಜಾರಿನ ಗುಣ, ದೋಷವಲ್ಲ. ಬಹಳಷ್ಟು ಪೂಲ್ ಶಾಫ್ಟುಗಳು ಟಿಪ್ಪಿನಿಂದ 25ರಿಂದ 38 ಸೆಂ.ಮೀ.ವರೆಗೆ ಹೆಚ್ಚುಕಡಿಮೆ ಒಂದೇ ದಪ್ಪ ಇರುತ್ತವೆ, ಆಮೇಲೆ ದಪ್ಪವಾಗುತ್ತವೆ. ಸ್ನೂಕರ್ ಕ್ಯೂ ಹಾಗಲ್ಲ, ಟಿಪ್ಪಿನಿಂದ ಬುಡದವರೆಗೂ ದಪ್ಪವಾಗುತ್ತಲೇ ಹೋಗುತ್ತದೆ. ಸ್ನೂಕರ್ ಕ್ಯೂ ಹಿಡಿದು ಗ್ಲೌಸ್ ತೊಟ್ಟು ಕ್ಲೋಸ್ಡ್ ಬ್ರಿಡ್ಜ್ (ತೋರುಬೆರಳು ಶಾಫ್ಟನ್ನು ಸುತ್ತುವ ಬಗೆ) ಹಾಕುವವರಿಗೆ ಈ ಬಿಗಿ ಖಂಡಿತ ಸಿಗುತ್ತದೆ. ಅವರು ಬೆರಳು ಸುತ್ತದೆ ಹೆಬ್ಬೆರಳಿನ ಸಂದಿಯ ಮೇಲೆ ಶಾಫ್ಟ್ ಇಡುವ ಓಪನ್ ಬ್ರಿಡ್ಜಿಗೆ ಹೋಗುವುದೇ ಸರಿ, ಹೋದ ಮೇಲೆ ಗ್ಲೌಸಿನ ಅಗತ್ಯವೂ ಅರ್ಧ ಕಡಿಮೆಯಾಗುತ್ತದೆ.

ನಾಣ್ಯದ ಪರೀಕ್ಷೆ

ಬ್ರಿಡ್ಜ್ ಕೈ ಊರಿ, ಕಿರುಬೆರಳಿಗೆ ತಾಗುವಂತೆ ಒಂದು ರೂಪಾಯಿ ನಾಣ್ಯ ಇಡಿ. ಪೂರಾ ಬಲದಿಂದ ಒಂದು ಹೊಡೆತ ಹೊಡೆದು, ಕೈ ಎತ್ತದೆ ಹಾಗೇ ನಿಂತು ನೋಡಿ. ನಾಣ್ಯಕ್ಕೂ ಬೆರಳಿಗೂ ನಡುವೆ ಸಂದಿ ಕಂಡರೆ, ಅಥವಾ ನಾಣ್ಯವೇ ಸರಿದಿದ್ದರೆ, ಹೊಡೆತದ ವೇಳೆ ಕೈ ಜಾರಿದೆ. ಗುರುತಿಗೆಂದು ಟೇಬಲ್ ಬಟ್ಟೆಯ ಮೇಲೆ ಚಾಕ್ (ಟಿಪ್ಪಿಗೆ ಹಚ್ಚುವ ಪುಡಿಯ ಗಟ್ಟಿ) ಗೀಚಬೇಡಿ.

ಹೋಗಿ ಬರುವ ಚೆಂಡಿನ ಪರೀಕ್ಷೆ

ಬಿಳಿ ಚೆಂಡನ್ನು ಬ್ರೇಕ್ (ಆಟ ಶುರುಮಾಡುವ ಮೊದಲ ಹೊಡೆತ) ಹೊಡೆಯುವ ಕಡೆಯ ಚುಕ್ಕೆ ಗುರುತಿನ ಮೇಲೆ ಇಟ್ಟು, ಟೇಬಲಿನ ನಟ್ಟನಡುವಿನ ಗೆರೆಯಲ್ಲೇ ಎದುರಿನ ಕುಶನ್‌ಗೆ (ಟೇಬಲಿನ ಒಳ ಅಂಚಿನ ರಬ್ಬರಿಗೆ) ಹೊಡೆಯಿರಿ. ಹೊಡೆದ ಮೇಲೆ ಕ್ಯೂ ಅಲುಗಿಸಬೇಡಿ. ಸರಿಯಾದ ಹೊಡೆತವಾದರೆ ಚೆಂಡು ಮರಳಿ ಬಂದು ಟಿಪ್ಪಿಗೇ ತಾಗುತ್ತದೆ. ಗ್ಲೌಸ್ ಹಾಕಿ ಹತ್ತು, ಬಿಚ್ಚಿ ಹತ್ತು ಹೊಡೆಯಿರಿ, ಬರಿಗೈಗೆ ಮೊದಲು ಸೋಪಿನಿಂದ ಕೈ ತೊಳೆದು ಚೆನ್ನಾಗಿ ಒರೆಸಿಕೊಂಡಿರಬೇಕು. ಟಿಪ್ ಚೆಂಡಿನ ಎಡಕ್ಕೆ ತಾಗಿದ್ದರೆ ಚೆಂಡು ಕುಶನ್ ಬಡಿದ ಮೇಲೆ ಎಡಕ್ಕೇ ವಾಲಿ ಬರುತ್ತದೆ, ಬಲಕ್ಕೆ ತಾಗಿದ್ದರೆ ಬಲಕ್ಕೆ.

ಗ್ಲೌಸ್ ಇದ್ದಾಗ ಮಾತ್ರ ಒಂದೇ ಕಡೆ ವಾಲಿದರೆ ಬ್ರಿಡ್ಜ್ ಕೈ ಅಥವಾ ಗ್ಲೌಸಿನ ಅಳತೆಯ ದೋಷ. ಎರಡೂ ಕಡೆ ಚೆಲ್ಲಾಪಿಲ್ಲಿಯಾದರೆ ಉಂಗುರ ಸಡಿಲ. ಗ್ಲೌಸ್ ಇದ್ದರೂ ಇಲ್ಲದಿದ್ದರೂ ಒಂದೇ ರೀತಿ ವಾಲಿದರೆ ಗ್ಲೌಸನ್ನು ದೂರಬೇಡಿ, ಅದು ಸ್ಟ್ರೋಕಿನ ವಿಷಯ. ಟೇಬಲ್ ಮಟ್ಟ ಸರಿಯಿಲ್ಲದಿದ್ದರೂ ಹೀಗಾಗಬಹುದು, ಎದುರು ತುದಿಯಿಂದಲೂ ಒಮ್ಮೆ ಹೊಡೆದರೆ ಗೊತ್ತಾಗುತ್ತದೆ.

ಬಟ್ಟೆ ನೆರಿಗೆ ಕಟ್ಟುವುದು

ಅತಿ ಸಾಮಾನ್ಯ ದೋಷ ಇದೇ, ಮತ್ತು ಜನ ಇದನ್ನು ಅತಿ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಗ್ಲೌಸ್ ಸ್ವಲ್ಪ ದೊಡ್ಡದಾದರೆ ಹೆಬ್ಬೆರಳು ಮತ್ತು ತೋರುಬೆರಳು ಕೂಡುವ ಸಂದಿಯಲ್ಲಿ ಹೆಚ್ಚುವರಿ ಬಟ್ಟೆ ಉಳಿಯುತ್ತದೆ. ಕ್ಯೂ ಮುಂದಕ್ಕೆ ಹೋದಾಗ ಆ ಬಟ್ಟೆ ಮುಂದಕ್ಕೆ ಸೇರಿ ಮಡಿಕೆಯಾಗಿ, ಶಾಫ್ಟಿನ ಅಡಿಗೆ ಬರುತ್ತದೆ. ಮಡಿಕೆಯ ಮೇಲೆ ಹತ್ತಿದ ಶಾಫ್ಟ್ ಮೇಲೇಳುತ್ತದೆ.

ಎಷ್ಟು ಏಳುತ್ತದೆ ಎಂದು ಲೆಕ್ಕ ಹಾಕಿ ನೋಡಿ. ಬ್ರಿಡ್ಜಿನಿಂದ ಟಿಪ್ಪಿಗೆ 22 ಸೆಂ.ಮೀ., ಬ್ರಿಡ್ಜಿನಿಂದ ಹಿಡಿಕೆಯ ಕೈಗೆ 85 ಸೆಂ.ಮೀ. ಅಂತಿಟ್ಟುಕೊಳ್ಳಿ. ಬ್ರಿಡ್ಜ್ ಜಾಗದಲ್ಲಿ 1 ಮಿ.ಮೀ. ಎದ್ದರೆ ಟಿಪ್ ಸುಮಾರು 1.25 ಮಿ.ಮೀ. ಏಳುತ್ತದೆ. ಪೂಲ್ ಚೆಂಡಿನ ವ್ಯಾಸ 57.15 ಮಿ.ಮೀ. ನಡುವಿನಿಂದ ತ್ರಿಜ್ಯದ ಅರ್ಧದಷ್ಟು, ಅಂದರೆ ಸುಮಾರು 14 ಮಿ.ಮೀ. ದಾಟಿ ಹೊಡೆದರೆ ಟಿಪ್ ಚೆಂಡಿನಿಂದ ಜಾರಿ ಮಿಸ್‌ಕ್ಯೂ ಆಗುತ್ತದೆ. ನಡುವಿನಿಂದ 12 ಮಿ.ಮೀ. ಕೆಳಗೆ ಹೊಡೆದು ಡ್ರಾ (ಬಿಳಿ ಚೆಂಡು ಹಿಂದಕ್ಕೆ ಬರುವ ಹೊಡೆತ) ತೆಗೆಯಲು ಹೊರಟವರಿಗೆ ಸಿಗುವುದು 10.75 ಮಿ.ಮೀ., ಸ್ಪಿನ್ ಹತ್ತರಲ್ಲಿ ಒಂದು ಪಾಲು ಕಡಿಮೆ. ಬಿಳಿ ಚೆಂಡು ಎಂದಿನಷ್ಟು ಹಿಂದೆ ಬರುವುದಿಲ್ಲ. 12 ಮಿ.ಮೀ. ಮೇಲೆ ಹೊಡೆಯಲು ಹೊರಟವರ ಟಿಪ್ 13.25ಕ್ಕೆ ಹೋಗಿ ಮಿಸ್‌ಕ್ಯೂ ಅಂಚಿಗೆ ತಲುಪುತ್ತದೆ. 'ಟಿಪ್ ಹಾಳಾಗಿದೆ, ಚಾಕ್ ಸರಿಯಿಲ್ಲ' ಎಂದು ಎರಡನ್ನೂ ಬದಲಿಸಿದರೂ ಮಿಸ್‌ಕ್ಯೂ ನಿಲ್ಲದಿದ್ದರೆ ಈ ಮಡಿಕೆಯನ್ನು ಹುಡುಕಿ.

ಪತ್ತೆ ಮಾಡುವುದು ಸುಲಭ. ಬ್ರಿಡ್ಜ್ ಹಾಕಿ ಕ್ಯೂ ಪೂರ್ತಿ ಮುಂದೆ ತಳ್ಳಿ ಹಾಗೇ ಬಿಟ್ಟು, ಸಂದಿಯನ್ನು ಮೇಲಿನಿಂದ ನೋಡಿ. ಅಲ್ಲಿ ಬಟ್ಟೆ ಅಕ್ಕಿ ಕಾಳಿನಷ್ಟು ಉಬ್ಬಿದ್ದರೂ ಅಳತೆ ದೊಡ್ಡದು. ಮಣಿಕಟ್ಟಿನ ವೆಲ್ಕ್ರೋ ಬಿಚ್ಚಿ, ಗ್ಲೌಸನ್ನು ಮಣಿಕಟ್ಟಿನ ಕಡೆಗೆ ಎಳೆದು, ಬೆರಳುಗಳ ಬುಡಕ್ಕೆ ಬಟ್ಟೆ ಕೂತ ಮೇಲೆ ಮತ್ತೆ ಬಿಗಿಯಿರಿ. ಹತ್ತು ಹೊಡೆತದೊಳಗೆ ಮತ್ತೆ ಉಬ್ಬಿದರೆ ಒಂದು ಅಳತೆ ಚಿಕ್ಕದು ತರಬೇಕು. ದರ್ಜಿಯ ಹತ್ತಿರ ಹಿಡಿಸಬೇಡಿ. ಹೊಸ ಹೊಲಿಗೆ ಸಂದಿಯ ಸಮೀಪವೇ ಬಂದು ಶಾಫ್ಟಿಗೆ ತಾಗುತ್ತದೆ.

ಹೊಲಿಗೆಯ ಮಾತು ಬಂದಿತಲ್ಲ, ಕೊಳ್ಳುವಾಗ ನೋಡಬೇಕಾದ್ದೂ ಅದನ್ನೇ. ತೋರುಬೆರಳಿನ ಒಳಮಗ್ಗುಲು, ಹೆಬ್ಬೆರಳಿನ ಮೇಲ್ಭಾಗ, ಇವೆರಡರ ನಡುವಿನ ಸಂದಿ: ಶಾಫ್ಟ್ ತಾಗುವ ಈ ಮೂರು ಜಾಗದಲ್ಲಿ ಹೊಲಿಗೆ ಇರಬಾರದು. ಎದ್ದಿರುವ ನೂಲನ್ನು ಎಳೆಯಬೇಡಿ, ಉಗುರು ಕತ್ತರಿಸುವ ಕತ್ತರಿಯಿಂದ ಬುಡಕ್ಕೆ ಕತ್ತರಿಸಿ.

ತೀರಾ ಚಿಕ್ಕ ಗ್ಲೌಸಿನದು ಬೇರೆ ಸಮಸ್ಯೆ. ಸಂದಿಯ ಬಟ್ಟೆ ಡೋಲಿನ ಚರ್ಮದ ಹಾಗೆ ಬಿಗಿದು, ಶಾಫ್ಟ್ ಕೂರಬೇಕಾದ 'ವಿ' ಆಕಾರದ ತಗ್ಗನ್ನೇ ಮುಚ್ಚಿಬಿಡುತ್ತದೆ. ಓಪನ್ ಬ್ರಿಡ್ಜ್ ಹಾಕಿದಾಗ ಕ್ಯೂ ಎಡಬಲಕ್ಕೆ ಉರುಳಾಡುತ್ತದೆ, ಅರ್ಧ ಗಂಟೆಯಲ್ಲಿ ಬೆರಳು ಜುಮ್ಮೆನ್ನುತ್ತದೆ. ಅಳತೆ ತೆಗೆಯುವುದು ಹೀಗೆ: ಹೆಬ್ಬೆರಳು ಬಿಟ್ಟು, ಅಂಗೈಯ ಅಗಲವಾದ ಭಾಗದ ಸುತ್ತ ಟೇಪ್ ಹಿಡಿದು ಸೆಂ.ಮೀ. ನೋಡಿ, ಅದನ್ನು ಆ ಕಂಪನಿಯ ಪಟ್ಟಿಗೆ ಹೋಲಿಸಿ. ಒಂದರ 'ಎಂ' ಇನ್ನೊಂದರ 'ಎಂ' ಆಗಿರುವುದಿಲ್ಲ. ಎರಡು ಅಳತೆಯ ನಡುವೆ ಬಿದ್ದರೆ ಚಿಕ್ಕದನ್ನೇ ಆರಿಸಿ, ಲೈಕ್ರಾ ಬಳಕೆಯಲ್ಲಿ ಸಡಿಲಾಗುತ್ತದೆ. ಇನ್ನೊಂದು ಮಾತು, ಬಲಗೈ ಆಟಗಾರರು ಕೊಳ್ಳಬೇಕಾದ್ದು ಎಡಗೈಗೆ ತೊಡುವ ಗ್ಲೌಸ್. ಆನ್‌ಲೈನ್‌ನಲ್ಲಿ 'ರೈಟ್ ಹ್ಯಾಂಡ್' ಎಂದು ಬರೆದಿದ್ದರೆ ಅದು ಆಟಗಾರನ ಕೈಯೋ ತೊಡುವ ಕೈಯೋ ಎಂಬುದನ್ನು ಚಿತ್ರ ನೋಡಿ ಖಚಿತಪಡಿಸಿಕೊಂಡೇ ಆರ್ಡರ್ ಮಾಡಿ.

ಕೈ ಟೇಬಲ್ ಮೇಲೆ ಜಾರುವುದು

ಶಾಫ್ಟ್ ಸಲೀಸಾಗಿ ಜಾರಲೆಂದು ಹಾಕಿದ ನುಣುಪು ಬಟ್ಟೆ ಟೇಬಲ್ ಬಟ್ಟೆಯ ಮೇಲೂ ಜಾರುತ್ತದೆ. ನಾಣ್ಯದ ಪರೀಕ್ಷೆಯಲ್ಲಿ ಸೋತವರ ಸಮಸ್ಯೆ ಇದು. ಮೆಲ್ಲಗಿನ ಹೊಡೆತದಲ್ಲಿ ಗೊತ್ತೇ ಆಗುವುದಿಲ್ಲ, ಬ್ರೇಕಿನಲ್ಲಿ ಮತ್ತು ಉದ್ದದ ಡ್ರಾದಲ್ಲಿ ತಲೆಯೆತ್ತುತ್ತದೆ. ಟೇಬಲ್ ಅಂಚಿನ ಮರದ ಪಟ್ಟಿಯಾದ ರೈಲಿನ ಮೇಲೆ ಕೈ ಇಟ್ಟು ಹೊಡೆಯುವಾಗ ಎಲ್ಲಕ್ಕಿಂತ ಜಾಸ್ತಿ, ಏಕೆಂದರೆ ಅಲ್ಲಿ ಪಾಲಿಷ್ ಮತ್ತು ಲೈಕ್ರಾ ಎರಡೂ ನುಣುಪು.

ಭಾರವನ್ನು ಅಂಗೈಯ ಹಿಂಭಾಗಕ್ಕೂ ಬರಿದಾಗಿರುವ ಎರಡು ಬೆರಳಿಗೂ ಕೊಡಿ. ಗ್ಲೌಸ್ ಕಂಪನಿಗಳು ಆ ಎರಡು ಬೆರಳನ್ನು ಬಿಟ್ಟಿರುವುದರಿಂದ ಸಿಗುವ ಲಾಭ ಇದೇ, ಅವು ಟೇಬಲ್ ಬಟ್ಟೆಯನ್ನು ಹಿಡಿದುಕೊಳ್ಳುತ್ತವೆ. ಅಂಗೈ ತೆರೆದಿರುವ ಅಥವಾ ಅಂಗೈ ಬುಡದಲ್ಲಿ ರಬ್ಬರ್ ಚುಕ್ಕಿಗಳಿರುವ ಮಾದರಿ ಸಿಕ್ಕರೆ ಅದೇ ಮೇಲು. ಐದೂ ಬೆರಳು ಮುಚ್ಚುವ ಗ್ಲೌಸನ್ನು ಪೂಲ್‌ಗೆ ನಾವು ಯಾರಿಗೂ ಹೇಳುವುದಿಲ್ಲ.

ಅಡ್ಡ ಇರುವ ಚೆಂಡಿನ ಮೇಲಿಂದ, ಬೆರಳ ತುದಿಗಳ ಮೇಲೆ ಕೈ ನಿಲ್ಲಿಸಿ ಹೊಡೆಯುವ ಸಂದರ್ಭ ಇನ್ನೂ ನಾಜೂಕು. ಬೆರಳ ತುದಿ ಮುಚ್ಚಿದ ಗ್ಲೌಸಿನಲ್ಲಿ ಆಗ ಟೇಬಲ್ ಹಿಡಿಯುವುದು ಚರ್ಮವಲ್ಲ, ಬಟ್ಟೆ. ತುದಿಯಲ್ಲಿ ಅರ್ಧ ಸೆಂ.ಮೀ. ಬಟ್ಟೆ ಜೋತುಬಿದ್ದಿದ್ದರೆ ಅದು ಪಕ್ಕದ ಚೆಂಡಿಗೂ ತಾಗುತ್ತದೆ. ಡಬ್ಲ್ಯೂಪಿಎ ನಿಯಮದ ಪ್ರಕಾರ ಆಟಗಾರ ತೊಟ್ಟ ಬಟ್ಟೆ ಚೆಂಡಿಗೆ ತಾಗಿದರೂ ಅದು ಆಟಗಾರನದೇ ಫೌಲ್. ಗ್ಲೌಸ್, ಸಡಿಲ ವೆಲ್ಕ್ರೋ ಪಟ್ಟಿ ಎರಡೂ ಇದರೊಳಗೆ ಬರುತ್ತವೆ. ಬೆರಳ ತುದಿ ತೆರೆದಿರುವ ಮಾದರಿ ಇದಕ್ಕೆ ನೇರ ಪರಿಹಾರ.

ಉಂಗುರ ಸಡಿಲ, ಅಥವಾ ವಿಪರೀತ ಬಿಗಿ

ಕ್ಲೋಸ್ಡ್ ಬ್ರಿಡ್ಜಿನಲ್ಲಿ ತೋರುಬೆರಳು ಶಾಫ್ಟನ್ನು ಸುತ್ತಿ ಹಿಡಿಯುತ್ತದೆ. ಬರಿಗೈಯಲ್ಲಿ ಕಲಿತವರ ಬೆರಳು, ಚರ್ಮ ಶಾಫ್ಟಿಗೆ ತಾಗುವ ಸ್ಪರ್ಶವನ್ನೇ ಅಳತೆಗೋಲಾಗಿ ಇಟ್ಟುಕೊಂಡಿರುತ್ತದೆ. ಗ್ಲೌಸ್ ಆ ಸ್ಪರ್ಶವನ್ನು ಮಂಕಾಗಿಸುತ್ತದೆ. ಕೆಲವರು 'ಹಿಡಿದಂತೆ ಅನ್ನಿಸುತ್ತಿಲ್ಲ' ಎಂದು ಬಿಗಿಯುತ್ತಾರೆ, ಕೆಲವರು ಜಾರುವ ಸುಖಕ್ಕೆ ಉಂಗುರವನ್ನು ಬಿಟ್ಟೇ ಬಿಡುತ್ತಾರೆ. ಎರಡನೆಯವರ ಸಂಖ್ಯೆ ಹೆಚ್ಚು.

ಜೊತೆಗಾರರಿಗೆ ಟಿಪ್ ಹಿಡಿದು ಎಡಬಲಕ್ಕೆ ಮೆಲ್ಲಗೆ ಅಲ್ಲಾಡಿಸಲು ಹೇಳಿ. ಉಂಗುರದೊಳಗೆ ಶಾಫ್ಟ್ ಕದಲುವುದು ಕಂಡರೆ ಸಡಿಲ. ಕ್ಯೂವಿನ ಬುಡ ಹಿಡಿದು ಅವರೇ ಎರಡು ಬೆರಳಿನಿಂದ ಹಿಂದಕ್ಕೆ ಎಳೆಯಲಿ, ನಿಮ್ಮ ಬ್ರಿಡ್ಜ್ ಕೈಯೂ ಜೊತೆಗೆ ಹೊರಟರೆ ಬಿಗಿ. ಪಕ್ಕಕ್ಕೆ ಕದಲದೆ, ಎಳೆದರೆ ಸರಾಗ ಬರುವ ಸ್ಥಿತಿ ಸಿಕ್ಕ ಮೇಲೆ ಬೆರಳು ಬಿಚ್ಚಿ ಮತ್ತೆ ಹಾಕುವುದನ್ನು ಇಪ್ಪತ್ತು ಸಲ ಮಾಡಿ. ಶಾಫ್ಟ್ ಬದಲಿಸಿದಾಗ ಇದನ್ನು ಮತ್ತೆ ಮಾಡಬೇಕು. 13 ಮಿ.ಮೀ. ಮರದ ಶಾಫ್ಟಿಗೆ ಕೂತ ಉಂಗುರ 11.8 ಮಿ.ಮೀ. ಕಾರ್ಬನ್ ಶಾಫ್ಟಿಗೆ ಖಂಡಿತ ದೊಡ್ಡದಾಗುತ್ತದೆ.

ಗ್ಲೌಸ್ ಇದ್ದೂ ಶಾಫ್ಟ್ ಅಂಟುವುದು

ಮೊದಲು ಗ್ಲೌಸನ್ನೇ ಮುಟ್ಟಿ ನೋಡಿ. ಒದ್ದೆಯಾಗಿದೆಯೇ? ಬೆವರು ಕುಡಿದ ಲೈಕ್ರಾ ಒಣ ಚರ್ಮಕ್ಕಿಂತಲೂ ಹೆಚ್ಚು ಹಿಡಿಯುತ್ತದೆ. ಕರಾವಳಿಯಲ್ಲಿ ಎರಡು ಗ್ಲೌಸ್ ಇಟ್ಟುಕೊಂಡು ಬದಲಿಸುತ್ತಾ ಆಡುವುದೊಂದೇ ದಾರಿ. ಬೆಂಗಳೂರಿನ ಎ.ಸಿ. ಪಾರ್ಲರಿನಲ್ಲಿ ಈ ತಾಪತ್ರಯ ಅಪರೂಪ.

ಒಣಗಿದ್ದರೆ ಬೆಳಕಿಗೆ ಹಿಡಿದು ಬಣ್ಣ ನೋಡಿ. ತೋರುಬೆರಳು ಮತ್ತು ಸಂದಿಯ ಭಾಗ ನೀಲಿಯೋ ಹಸಿರೋ ಆಗಿದ್ದರೆ ಚಾಕ್ ಪುಡಿ ನೇಯ್ಗೆಯೊಳಗೆ ಕೂತಿದೆ. ಹೆಸರಿಗೆ ಚಾಕ್ ಆದರೂ ಇದು ಸುಣ್ಣದ ಕಲ್ಲಲ್ಲ. ಸ್ಪಿಂಕ್ಸ್ ಮತ್ತು ಹಾಸ್ಕಿನ್ಸ್ ಎಂಬಿಬ್ಬರು 1897ರಲ್ಲಿ ಪೇಟೆಂಟ್ ಪಡೆದ ಕಾಲದಿಂದಲೂ ಬಿಲಿಯರ್ಡ್ಸ್ ಚಾಕ್ ಅಂದರೆ ಸಿಲಿಕಾದಂಥ ಗಟ್ಟಿ ಪುಡಿಗಳ ಮಿಶ್ರಣ. ಅದು ತುಂಬಿದ ಗ್ಲೌಸ್ ಮರದ ಶಾಫ್ಟನ್ನು ಪ್ರತಿ ಹೊಡೆತದಲ್ಲೂ ಒಂಚೂರು ಉಜ್ಜುತ್ತಾ, ಬಣ್ಣವನ್ನೂ ಮರದ ರಂಧ್ರಗಳಿಗೆ ಒತ್ತುತ್ತದೆ. ಟಾಲ್ಕಂ ಪೌಡರ್ ಹಾಕಿಕೊಂಡ ಕೈಗೆ ಮೇಲಿನಿಂದ ಗ್ಲೌಸ್ ತೊಡುವವರೂ ಇದ್ದಾರೆ. ಹಾಗೆ ಮಾಡಬೇಡಿ, ಪೌಡರ್ ಮತ್ತು ಬೆವರು ಸೇರಿ ಒಳಗೆ ಹಿಟ್ಟಾಗುತ್ತದೆ.

ವೆಲ್ಕ್ರೋ ಮುಚ್ಚಿ, ತಣ್ಣೀರು ಮತ್ತು ಮೆದು ಸೋಪಿನಲ್ಲಿ ಕೈಯಿಂದ ಹಿಸುಕಿ ತೊಳೆಯಿರಿ, ನೀರು ತಿಳಿಯಾಗುವವರೆಗೆ. ಹಿಂಡಬೇಡಿ, ಟವೆಲಿನ ನಡುವೆ ಒತ್ತಿ ನೆರಳಲ್ಲಿ ಒಣಗಿಸಿ. ಬಿಸಿನೀರು, ಇಸ್ತ್ರಿ, ಫ್ಯಾಬ್ರಿಕ್ ಕಂಡಿಷನರ್ ಮೂರೂ ಲೈಕ್ರಾದ ಎಳೆತವನ್ನು ಕೊಲ್ಲುತ್ತವೆ. ವಾರಕ್ಕೆ ಎರಡು ಮೂರು ದಿನ ಆಡುವವರು ವಾರಕ್ಕೊಮ್ಮೆ ತೊಳೆಯಲಿ. ಪಾರ್ಲರಿನಲ್ಲಿ ಎಲ್ಲರೂ ತೊಡುವ ಗ್ಲೌಸ್ ಮುಟ್ಟಬೇಡಿ, ತೇವದ ಬಟ್ಟೆಯಿಂದ ಹುಳುಕಡ್ಡಿ ಒಬ್ಬರಿಂದ ಒಬ್ಬರಿಗೆ ಹರಡುತ್ತದೆ. ಬೆರಳ ಸಂದಿ ಕೆರೆಯಲು ಶುರುವಾದರೆ ಗ್ಲೌಸ್ ನಿಲ್ಲಿಸಿ ಚರ್ಮದ ವೈದ್ಯರಿಗೆ ತೋರಿಸಿ.

ಗ್ಲೌಸ್ ಒಣಗಿದೆ, ತೊಳೆದೂ ಆಗಿದೆ, ಆದರೂ ಅಂಟುತ್ತದೆ ಅಂದರೆ ಉಳಿದದ್ದು ಶಾಫ್ಟ್. ಇಲ್ಲಿಗೆ ಬಂದು ನಿಲ್ಲುವವರೇ ಬಹಳ ಮಂದಿ: ಮೂಲ ರೋಗ ಕೊಳೆ ಶಾಫ್ಟ್, ಗ್ಲೌಸ್ ಅದಕ್ಕೆ ನೋವು ನಿವಾರಕ ಮಾತ್ರ ಆಗಿತ್ತು. ಗೋಬಿ ಮಂಚೂರಿ, ಚಿಪ್ಸ್ ತಿಂದ ಕೈಯಲ್ಲಿ ಕ್ಯೂ ಹಿಡಿಯುವ ಪಾರ್ಲರ್‌ಗಳಲ್ಲಿ ಶಾಫ್ಟ್ ಹೀಗಾಗುವುದು ಸಹಜ. ಮರದ ಶಾಫ್ಟ್ ಶುಚಿ ಮಾಡುವ ಕ್ರಮ:

1. ಒಣ ಮೈಕ್ರೋಫೈಬರ್ ಬಟ್ಟೆಯಿಂದ ಚಾಕ್ ಪುಡಿ ಒರೆಸಿ. ಟಿಪ್ಪಿನ ಕಡೆಯಿಂದ ಶುರು ಮಾಡಬೇಡಿ, ಪುಡಿ ಶಾಫ್ಟಿಗೆಲ್ಲ ಹರಡುತ್ತದೆ. ಬುಡದಿಂದ ಟಿಪ್ಪಿನತ್ತ ಬನ್ನಿ.
2. ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಒಂದು ಹನಿಯೂ ಬೀಳದಷ್ಟು ಹಿಂಡಿ, ಒಂದು ಗೇಣಿನಷ್ಟು ಭಾಗ ಮಾತ್ರ ಒರೆಸಿ. ತಕ್ಷಣ ಒಣ ಬಟ್ಟೆಯಿಂದ ಒರೆಸಿ. ನೀರು ನಿಂತರೆ ಮರದ ನಾರು ಎದ್ದು ಶಾಫ್ಟ್ ಮೊದಲಿಗಿಂತ ಒರಟಾಗುತ್ತದೆ.
3. ಚರ್ಮದ ತುಂಡು ಅಥವಾ ಬಿಳಿ ಕಾಗದವನ್ನು ಶಾಫ್ಟಿಗೆ ಸುತ್ತಿ, ಕೈಗೆ ಬಿಸಿ ತಟ್ಟುವವರೆಗೆ ಜೋರಾಗಿ ಉಜ್ಜಿ. ಎದ್ದ ನಾರು ಇದರಿಂದ ಕೂರುತ್ತದೆ.

ಮರಳು ಕಾಗದ ಬೇಡ. ಪ್ರತಿ ಸಲವೂ ಶಾಫ್ಟ್ ಸಣ್ಣಗಾಗುತ್ತದೆ, ಕಳೆದ ಮರ ಮತ್ತೆ ಬರುವುದಿಲ್ಲ. ಕಾರ್ಬನ್ ಶಾಫ್ಟಿಗೆ ಇಷ್ಟೆಲ್ಲ ಬೇಡ, ಐಸೊಪ್ರೊಪೈಲ್ ಆಲ್ಕೋಹಾಲ್ ತಾಕಿಸಿದ ಬಟ್ಟೆಯಿಂದ ಒರೆಸಿದರೆ ಆಯಿತು, ಟಿಪ್ಪಿಗೆ ತಾಗದಂತೆ ನೋಡಿಕೊಳ್ಳಿ.

ಪಾರ್ಲರಿನ ಕ್ಯೂಗಳಿಗೆ ಹೊಳೆಯುವ ವಾರ್ನಿಷ್ ಹೊಡೆದಿದ್ದರೆ ಅದು ತೇವದ ಚರ್ಮಕ್ಕೆ ಅಂಟಿಯೇ ಅಂಟುತ್ತದೆ. ಒರೆಸಿ ಪ್ರಯೋಜನವಿಲ್ಲ. ಅಲ್ಲಿ ಗ್ಲೌಸ್ ಹಾಕಿಕೊಂಡೇ ಆಡಿ, ಅದು ಸರಿಯಾದ ಬಳಕೆ.

ಕೈ ಬದಲಿಸಿದಾಗ

ಚೆಂಡು ದೂರವಿದ್ದು ಬಲಗೈ ಆಟಗಾರ ಎಡಗೈಯಲ್ಲಿ ಹೊಡೆಯಬೇಕಾಗಿ ಬಂದರೆ ಎಲ್ಲ ತಲೆಕೆಳಗಾಗುತ್ತದೆ. ಗ್ಲೌಸ್ ಇರುವ ಕೈ ಈಗ ಕ್ಯೂವಿನ ಬುಡ ಹಿಡಿಯುತ್ತದೆ, ಬ್ರಿಡ್ಜ್ ಹಾಕುವ ಬಲಗೈ ಬರಿದು. ಬುಡಕ್ಕೆ ಲಿನನ್ ದಾರವೋ ಚರ್ಮವೋ ಸುತ್ತಿದ್ದರೆ ಪರವಾಗಿಲ್ಲ. ಬರೀ ಪಾಲಿಷ್ ಇರುವ ಬುಡವಾದರೆ ಲೈಕ್ರಾದ ಹಿಡಿತ ತಪ್ಪುತ್ತದೆ, ಆಟಗಾರ ಅರಿವಿಲ್ಲದೆ ಮುಷ್ಟಿ ಬಿಗಿಯುತ್ತಾನೆ, ಹೊಡೆತ ಸೊಟ್ಟಗಾಗುತ್ತದೆ. ಇಂಥ ಹೊಡೆತಕ್ಕೆ ಗ್ಲೌಸ್ ಬಿಚ್ಚಿ, ಸಮಯವಿದ್ದರೆ ಕೈ ಒರೆಸಿಕೊಳ್ಳಿ, ಓಪನ್ ಬ್ರಿಡ್ಜ್ ಹಾಕಿ. ರೆಸ್ಟ್ (ಬ್ರಿಡ್ಜ್ ಕೈಯ ಬದಲು ಕ್ಯೂವಿಗೆ ಆಧಾರ ಕೊಡುವ ಉದ್ದ ಕೋಲು) ಬಳಸಿ ಹೊಡೆಯುವಾಗ ಗ್ಲೌಸಿಗೆ ಕೆಲಸವೇ ಇಲ್ಲ, ಇದ್ದರೆ ಇರಲಿ.

ಗ್ಲೌಸ್ ಇಲ್ಲದೆ ಆಡಲಾಗದ ಸ್ಥಿತಿ

ಮರೆತು ಬಂದ ದಿನ ಆಟವೇ ಕುಸಿದರೆ ಅದನ್ನೂ ದೋಷವೆಂದೇ ಎಣಿಸಬೇಕು. ಯುಎಸ್ ಓಪನ್ ನೈನ್ ಬಾಲ್ ಪ್ರಶಸ್ತಿಯನ್ನು ಐದು ಬಾರಿ ಗೆದ್ದ ಅರ್ಲ್ ಸ್ಟ್ರಿಕ್‌ಲ್ಯಾಂಡ್ ಗ್ಲೌಸ್ ತೊಟ್ಟು ಆಡಿದವರು, ಫಿಲಿಪ್ಪೀನ್ಸಿನ ಎಫ್ರೆನ್ ರೇಯೆಸ್ ಬರಿಗೈ ಆಟಗಾರ. ಗ್ಲೌಸ್ ಯಾರನ್ನೂ ಕೆಳಗಿಳಿಸಿಲ್ಲ, ಮೇಲೇರಿಸಿಯೂ ಇಲ್ಲ. ವಾರದ ಅಭ್ಯಾಸದಲ್ಲಿ ಮೊದಲ ಹದಿನೈದು ನಿಮಿಷ ಬರಿಗೈಯಲ್ಲಿ, ತೊಳೆದ ಕೈ ಮತ್ತು ಒರೆಸಿದ ಶಾಫ್ಟಿನೊಂದಿಗೆ, ಮೇಲಿನ ಹೋಗಿ ಬರುವ ಚೆಂಡಿನ ಹೊಡೆತವನ್ನೇ ಹೊಡೆಯಿರಿ. ಬರಿಗೈಗೆ ಎಲ್ಲಿ ತಡೆ ಸಿಗುತ್ತದೋ ಅಲ್ಲೇ ಮುಂದಿನ ದೋಷ ಕಾದಿದೆ ಎಂದು ತಿಳಿದು, ಗ್ಲೌಸ್ ತೊಡುವ ಮೊದಲೇ ಸರಿಪಡಿಸಿ.

ಯಾವಾಗ ಎಸೆಯಬೇಕು

ಗ್ಲೌಸ್ ಒಳಗೆ ಬೆರಳು ತೂರಿಸಿ ಬೆಳಕಿಗೆ ಹಿಡಿಯಿರಿ. ತೋರುಬೆರಳಿನ ಒಳಮಗ್ಗುಲಲ್ಲಿ ಬಟ್ಟೆ ತೆಳುವಾಗಿ ಚರ್ಮದ ಬಣ್ಣ ಕಾಣುತ್ತಿದ್ದರೆ, ಮೇಲ್ಮೈಯಲ್ಲಿ ನೂಲಿನ ಗುಳ್ಳೆ ಎದ್ದಿದ್ದರೆ, ಅಥವಾ ತೊಳೆದು ಒಣಗಿಸಿದ ಮೇಲೂ ಸಂದಿಯಲ್ಲಿ ಬಟ್ಟೆ ಉಬ್ಬುತ್ತಿದ್ದರೆ ಅದರ ಆಯುಸ್ಸು ಮುಗಿದಿದೆ. ತೂತು ಬೀಳಲೆಂದು ಕಾಯಬೇಡಿ. ತೂತಿನ ಅಂಚಿನಲ್ಲಿ ಶಾಫ್ಟ್ ಅರ್ಧ ಚರ್ಮದ ಮೇಲೆ, ಅರ್ಧ ಬಟ್ಟೆಯ ಮೇಲೆ ಓಡುತ್ತದೆ, ಆಗ ಹೊಡೆತದ ನಡುವೆಯೇ ವೇಗ ಬದಲಾಗುತ್ತದೆ.